ನಡೀನಳ ಕಾರು

ವರ್ನಾಳ ವ್ಯಾನು ಬಿಳಿ ಬಯಲಿನಲ್ಲಿ ಸಾಸಿವೆಕಾಳಿನಷ್ಟಾಗಿ ಕಣ್ಮರೆಯಾದ ಮೇಲೆ ಆರ್ಡಿಸ್‌ಗೆ ತನ್ನ ತಪ್ಪು ಹೊಳೆಯಿತು. ಕಾರು ಕೊಳ್ಳದೆ ಹೋದರೆ ಇಲ್ಲಿಂದ ವಾಪಸು ಹೋಗುವುದು ಹೇಗೆ ಎಂದು ಅವಳು ಯೋಚಿಸಿಯೇ ಇರಲಿಲ್ಲ. ಸುತ್ತ ಎಲ್ಲಿ ನೋಡಿದರೂ ಹಿಮ ಹೊದ್ದ ಬೀಟ್‌ರೂಟ್ ಹೊಲಗಳು. ಕಣ್ಣಿಗೆ ಬೀಳುವ ಮನೆ ಎಂದರೆ ಮುಂದಿರುವ ಇದೊಂದೇ. ಮೊಮ್ಮಗನ ಹಾಕಿ ಆಟಕ್ಕೆ ತಡವಾಗುತ್ತದೆಂದು ವರ್ನಾ ಎಂಜಿನ್ ಕೂಡ ಆರಿಸಿರಲಿಲ್ಲ. "ಕಾರು ತಗೊಳ್ಳೋಕೆ ಬಂದೋಳು ಕಾರಲ್ಲೇ ಬರ್ತೀಯಲ್ಲ, ಮತ್ತೇನು? ಹೆದರ್ಕೋಬೇಡ್ವೇ," ಎಂದು ಪಕ್ಕದ ಮನೆಯವಳ ಸಲಿಗೆಯಿಂದ ಭುಜ ತಟ್ಟಿ, ಇಳಿಸಿ ಹೊರಟುಬಿಟ್ಟಿದ್ದಳು.

ಹೆದರಿಕೆ ಆರ್ಡಿಸಳಿಗೆ ಹೊಸದೇನಲ್ಲ. ಐವತ್ತೆರಡು ವರ್ಷದ ಬದುಕಿನಲ್ಲಿ ಅವಳು ಯಾರೊಂದಿಗೂ ದನಿಯೇರಿಸಿದವಳಲ್ಲ. ಅಂಗಡಿಯವನು ತಪ್ಪು ಸಾಮಾನು ಕೊಟ್ಟರೂ ಥ್ಯಾಂಕ್ಸ್ ಹೇಳಿ ಮನೆಗೆ ತರುವ ಹೆಂಗಸು. ಪಟ್ಟಣದ ವೃದ್ಧಾಶ್ರಮದ ಅಡುಗೆಮನೆಯಲ್ಲಿ ಬೆಳಗಿನ ತಿಂಡಿ ಅವಳ ಪಾಲಿನ ಕೆಲಸ. ಹೊತ್ತು ಮೂಡುವ ಮೊದಲೇ ಒಲೆ ಹಚ್ಚಬೇಕು. ಡಿಸೆಂಬರಿನಲ್ಲಿ ಜಿಂಕೆಯೊಂದು ರಸ್ತೆಗೆ ನೆಗೆದು ಅವಳ ಹಳೆಯ ಕಾರನ್ನು ಗುಜರಿಗೆ ಕಳಿಸಿತು. ಅಂದಿನಿಂದ ಬಟ್ಟೆ ಒಗೆಯುವ ವಿಭಾಗದ ಬೆವ್ ತನ್ನ ಗಾಡಿಯಲ್ಲಿ ಕರೆದೊಯ್ಯುತ್ತಿದ್ದಳು. ನಿನ್ನೆ ಬೆವ್ ನಿವೃತ್ತಳಾದಳು. ಕೇಕು ಕತ್ತರಿಸಿದ ಮೇಲೆ ಮ್ಯಾನೇಜರು ಆರ್ಡಿಸಳನ್ನು ಪಕ್ಕಕ್ಕೆ ಕರೆದು, "ಸೋಮವಾರ ಹೇಗೆ ಬರ್ತೀರಿ?" ಎಂದು ನಗುನಗುತ್ತಲೇ ಕೇಳಿದ್ದಳು. ಮನೆಗೆ ಬಂದವಳೇ ಆರ್ಡಿಸ್ ಪತ್ರಿಕೆಯಲ್ಲಿ ಈ ಕಾರಿನ ಜಾಹೀರಾತು ಹುಡುಕಿ ಫೋನ್ ಮಾಡಿದ್ದಳು.

ಮನೆಯ ಬಾಗಿಲು ತೆರೆದು, ಎತ್ತರದ ಆಳೊಬ್ಬ ಅಂಗಿಯಲ್ಲೇ ಹೊರಬಂದ.

"ಕಾರಿಗೆ ಫೋನ್ ಮಾಡಿದ್ದು ನೀವೇ ಅಲ್ವಾ ಮೇಡಂ? ನಾನು ಕರ್ಟ್. ಇವತ್ತು ಪರವಾಗಿಲ್ಲ, ಬೆಚ್ಚಗಿದೆ," ಎಂದ. ಅವನ ಮೀಸೆಯ ಮೇಲೆ ಆಗಲೇ ಉಸಿರು ಹೆಪ್ಪುಗಟ್ಟುತ್ತಿತ್ತು. ಆರ್ಡಿಸ್ ಹಲ್ಲುಗಿಂಜಿ, "ಹೌದು, ಇದಕ್ಕಿಂತ ಕೆಟ್ಟದ್ದು ನೋಡಿದೀವಿ," ಎಂದಳು.

ಕಾರು ದನದ ಕೊಟ್ಟಿಗೆಯ ಮಗ್ಗುಲಲ್ಲಿ ನಿಂತಿತ್ತು. ಬೆಳ್ಳಿ ಬಣ್ಣದ ಪುಟ್ಟ ಕಾರು. ಬಾಗಿಲಿನ ಅಂಚಿನಲ್ಲಿ ಸ್ವಲ್ಪ ತುಕ್ಕು, ಹಿಂದಿನ ಬಂಪರಿನ ಮೇಲೆ ಒಂದು ಗೀರು, ಅಷ್ಟೆ. ಚಳಿಗೆ ಎಂಜಿನ್ ಹೆಪ್ಪುಗಟ್ಟದಿರಲೆಂದು ಹಾಕಿದ್ದ ಕರೆಂಟಿನ ವಯರು ಅದರ ಮೂತಿಯಿಂದ ನೇತಾಡುತ್ತಿತ್ತು. "ನಮ್ಮ ದೇಶದ್ದೇ, ಡೆಟ್ರಾಯ್ಟ್ ಕಾರು ಮೇಡಂ. ಯಾವ ಹಳ್ಳಿ ಮೆಕ್ಯಾನಿಕ್ ಬೇಕಾದ್ರೂ ಕಣ್ಣು ಮುಚ್ಕೊಂಡು ರಿಪೇರಿ ಮಾಡ್ತಾನೆ. ಕೆಲಸಕ್ಕೆ ನಾನೇ ಓಡಿಸ್ತಿದ್ದೆ. ಈಗ ಟ್ರಕ್ ಇದೆ, ಎರಡ್ಯಾಕೆ?" ಎಂದ ಕರ್ಟ್.

ಅಣ್ಣ ಆರಿನ್ ಫೋನಿನಲ್ಲಿ ಗಿಳಿಗೆ ಕಲಿಸಿದ ಹಾಗೆ ಕಲಿಸಿದ್ದ: "ಬೇಕು ಅಂತ ಮುಖದಲ್ಲಿ ತೋರಿಸ್ಬೇಡ. ಒಂದು ಸುತ್ತು ಹಾಕು, ಟೈರಿಗೆ ಒದಿ, ಹ್ಞೂಂ ಅನ್ನು. ಬೆಲೆ ಹೇಳಿದ್ಮೇಲೆ ಬಾಯಿ ಮುಚ್ಕೊಂಡು ನಿಂತ್ಕೋ. ತಾನಾಗೇ ಇಳಿಸ್ತಾನೆ." ಆರ್ಡಿಸ್ ಸುತ್ತು ಹಾಕಿದಳು. ಟೈರಿಗೆ ಒದೆಯಲು ಮನಸ್ಸಾಗದೆ ಬೂಟಿನ ತುದಿಯಿಂದ ಮುಟ್ಟಿದಳು. ಟೈರುಗಳು ಹೊಸವು. ಎರಡು ಸಾವಿರದ ಇನ್ನೂರು ಡಾಲರಿಗೆ ಈ ಕಾಲದಲ್ಲಿ ಇಂಥ ಕಾರು ಸಿಗುವುದುಂಟೇ? ಏನೋ ಐಬಿರಬೇಕು. ಐಬು ಯಾವುದೆಂದು ತಿಳಿಯದೆ ಅವಳು ಬಗ್ಗಿ ಕಾರಿನ ಅಡಿಯನ್ನೂ ನೋಡಿದಳು.

"ಒಂದು ಸುತ್ತು ಹೋಗಿ ಬರೋಣ ಬನ್ನಿ," ಎಂದು ಕರ್ಟ್ ಪಕ್ಕದ ಸೀಟಿನಲ್ಲಿ ತನ್ನನ್ನು ತುರುಕಿಕೊಂಡ. ಅವನ ಮಂಡಿಗಳು ಮುಂದಿನ ಹಲಗೆಗೆ ತಾಗಿದವು. ಆರ್ಡಿಸ್ ಸ್ಟೀರಿಂಗಿನ ಹಿಂದೆ ಕುಳಿತಳು. ಅವಳು ಗಿಡ್ಡ ಹೆಂಗಸು. ಯಾರ ಕಾರಿನಲ್ಲಿ ಕೂತರೂ ಸೀಟನ್ನು ಮುಂದಕ್ಕೆಳೆಯಲು ಒದ್ದಾಡಬೇಕಿತ್ತು. ಇಲ್ಲಿ ಕಾಲು ಸೀದಾ ಬ್ರೇಕಿಗೆ ಸಿಕ್ಕಿತು. ಕನ್ನಡಿಯನ್ನೂ ತಿರುಗಿಸಬೇಕಾಗಲಿಲ್ಲ, ಹಿಂದಿನ ರಸ್ತೆಯೆಲ್ಲ ಅವಳ ಕಣ್ಣಿನ ಮಟ್ಟಕ್ಕೇ ಬಂದು ನಿಂತಿತ್ತು. ಪಕ್ಕದಲ್ಲಿ ಕೂತವನ ತಲೆ ಚಾವಣಿಗೆ ಉಜ್ಜುತ್ತಿತ್ತು. ಇವನು ಈ ಕಾರು ಓಡಿಸುತ್ತಿದ್ದನೇ?

ಎಂಜಿನ್ ಮೊದಲ ಸಲಕ್ಕೇ ಹೊತ್ತಿಕೊಂಡಿತು. ಗಡಗಡವಿಲ್ಲ, ಹೊಗೆಯಿಲ್ಲ. ರೇಡಿಯೋದಲ್ಲಿ ಯಾರೋ ಹೆಂಗಸು ಟೊಮೇಟೊ ಸಸಿಗಳನ್ನು ಮನೆಯೊಳಗೇ ಬೆಳೆಸುವುದು ಹೇಗೆಂದು ವಿವರಿಸುತ್ತಿದ್ದಳು. ಕರ್ಟ್ ಫಟ್ಟನೆ ಅದನ್ನು ಆರಿಸಿದ. ಒಂದು ಮೈಲಿ ಹೋಗುವುದರೊಳಗೆ ಪೆಟ್ರೋಲಿನ ಕೆಂಪು ದೀಪ ಮಿನುಗಿತು.

"ಏನೂ ಆಗಲ್ಲ, ವಾಪಸ್ ಮನೆಗೆ ಹೋಗೋಷ್ಟು ಇರುತ್ತೆ."

"ಇರುತ್ತೆ ಇರುತ್ತೆ. ಆದ್ರೂ ತಗೊಂಡ್ರೆ ಹೆಂಗೂ ನನಗೆ ಬೇಕಲ್ಲ. ಇಲ್ಲೇ ಬಂಕ್ ಕಾಣ್ತಿದೆ. ತಪ್ಪು ತಿಳ್ಕೋಬೇಡಿ," ಎಂದು ಆರ್ಡಿಸ್ ತಿರುಗಿಸಿಯೇಬಿಟ್ಟಳು. ದಾರಿಯಲ್ಲಿ ಕಾರು ನಿಂತುಹೋಗುವ ಭಯ ಅವಳಿಗೆ ಎದುರಿಗಿದ್ದವನ ಮುಲಾಜಿಗಿಂತ ದೊಡ್ಡದಾಗಿತ್ತು.

ಕಾರು ಪಂಪಿನ ಬಳಿ ನಿಲ್ಲುವ ಮುಂಚೆಯೇ ಅಂಗಡಿಯೊಳಗಿಂದ ದಪ್ಪನೆಯ ಹೆಂಗಸೊಬ್ಬಳು ಏಪ್ರನ್ನಿನಲ್ಲೇ ಓಡಿಬಂದಳು. "ಅಯ್ಯೋ ನಡೀನ್, ಬದುಕಿದೀಯೇನೇ! ನಾನು ಇಲ್ಲಿ ಒಬ್ಬಳೇ ಸಾಯ್ತಾ—" ಎನ್ನುತ್ತ ಕಿಟಕಿಗೆ ಬಗ್ಗಿದವಳು ಆರ್ಡಿಸಳನ್ನು ಕಂಡು ಹಾಗೇ ನಿಂತಳು. ನಗು ಮುಖದಲ್ಲೇ ಒಣಗಿತು. ಅವಳ ಕಣ್ಣು ಆಚೆ ಸೀಟಿಗೆ ಹೊರಳಿತು. "ಓ. ಕರ್ಟ್."

"ಹೂಂ ಪೆಗ್ಗಿ."

"ನಡೀನ್ ಎಲ್ಲಿ? ಎರಡು ವಾರ ಆಯ್ತು ಅಂಗಡಿಗೆ ಬಂದು. ಫೋನೂ ಎತ್ತಲ್ಲ."

"ಫೋನ್ ಒಡೆದೋಯ್ತು. ಹುಷಾರಿಲ್ಲ ಅವಳಿಗೆ. ಕೆಲಸ ಬಿಟ್ಟಿದಾಳೆ."

"ಬಿಟ್ಟಿದಾಳಾ? ನನಗೆ ಒಂದು ಮಾತು ಹೇಳದೆ?"

"ನನಗೆ ಹೇಳಿದಾಳಲ್ಲ," ಎಂದ ಕರ್ಟ್. ದನಿ ಏರಲಿಲ್ಲ; ಇನ್ನಷ್ಟು ಮೆತ್ತಗಾಯಿತು.

ಪೆಗ್ಗಿ ಕಾರಿನ ಬಾಗಿಲ ಮೇಲೆ ಕೈಯಿಟ್ಟಳು. ಬಳಿಕ ಆರ್ಡಿಸಳ ಮುಖವನ್ನೇ ನೋಡುತ್ತ, "ಕಾರು ತಗೋತಿದೀರಾ? ಒಳ್ಳೇದು. ಚೆನ್ನಾಗಿ ನೋಡ್ಕೊಂಡಿದ್ಲು," ಎಂದು ಹೇಳಿ ಒಳಗೆ ಹೋದಳು.

ಆರ್ಡಿಸ್ ಪೆಟ್ರೋಲು ತುಂಬಿಸಿಕೊಂಡು ಕಾರನ್ನು ವಾಪಸು ತಿರುಗಿಸಿದಳು. ಅವಳು ಹುಡುಕುತ್ತಿದ್ದ ಐಬು ಸಿಕ್ಕಿತ್ತು. ಅದು ಕಾರಿನಲ್ಲಿರಲಿಲ್ಲ. ಊರ ಉಸಾಬರಿ ನನಗ್ಯಾಕೆ, ಗಂಡ ಹೆಂಡಿರ ನಡುವೆ ಏನೋ ಇರುತ್ತದೆ, ನಿಜಕ್ಕೂ ಹುಷಾರಿಲ್ಲದೆ ಇರಬಹುದು, ಎಂದು ತನಗೆ ತಾನೇ ಹೇಳಿಕೊಂಡಳು. ನಾನು ಬಿಟ್ಟರೆ ಮಧ್ಯಾಹ್ನದೊಳಗೆ ಇನ್ನೊಬ್ಬರು ಕೊಂಡು ಹೋಗುತ್ತಾರೆ. ಸೋಮವಾರ ನಾನು ಹೋಗದಿದ್ದರೆ ಆ ಒಲೆ ಹಚ್ಚಲೂ ಇನ್ನೊಬ್ಬರು ಸಿಗುತ್ತಾರೆ.

"ಏನಂತೀರಿ ಮೇಡಂ?" ಎಂದ ಕರ್ಟ್ ಅಂಗಳದಲ್ಲಿ.

ಆರ್ಡಿಸ್ ಬಾಯಿ ಮುಚ್ಚಿಕೊಂಡು ನಿಂತಳು. ಅಣ್ಣ ಹೇಳಿಕೊಟ್ಟಿದ್ದಕ್ಕಲ್ಲ, ಮಾತೇ ಹೊರಡಲಿಲ್ಲ. ಕರ್ಟ್ ಅದನ್ನು ಬೇರೆಯಾಗಿ ತಿಳಿದುಕೊಂಡು, "ಸರಿ ಬಿಡಿ, ಇನ್ನೂರು ಬಿಟ್ಟೆ. ಇವತ್ತೇ ತಗೊಂಡು ಹೋಗೋದಾದ್ರೆ," ಎಂದುಬಿಟ್ಟ.

ಅಡುಗೆಮನೆಯ ಮೇಜಿನ ಮುಂದೆ ಕಾಗದಪತ್ರಕ್ಕೆ ಕುಳಿತಾಗ ನಡೀನಳನ್ನು ಅವಳು ಮೊದಲ ಸಲ ಕಂಡಳು. ಸಿಂಕಿನ ಮುಂದೆ ಬೆನ್ನು ಮಾಡಿ ನಿಂತಿದ್ದಳು. ನಲವತ್ತರ ಆಸುಪಾಸು, ಆರ್ಡಿಸಳಷ್ಟೇ ಎತ್ತರ. ಬೆನ್ನ ಮೇಲೆ ದಪ್ಪನೆಯ ಕೆಂಗೂದಲ ಜಡೆ. ಕಾಫಿ ಬಗ್ಗಿಸಿ ಮೇಜಿನ ಮೇಲಿಟ್ಟಳು.

"ಹುಷಾರಾಗಿದೀರಾ?" ಎಂದು ಆರ್ಡಿಸ್ ಕೇಳಿದಳು.

"ಸುಧಾರಿಸ್ಕೋತಿದಾಳೆ," ಎಂದ ಕರ್ಟ್.

ನಡೀನ್ ಮತ್ತೆ ಸಿಂಕಿನತ್ತ ತಿರುಗಿದಳು. ಕಾರು ಗಂಡನ ಹೆಸರಿನಲ್ಲಿತ್ತು; ಅವನು ರುಜು ಹಾಕಿದ, ಆರ್ಡಿಸ್ ಲಕೋಟೆಯಿಂದ ಎರಡು ಸಾವಿರ ಎಣಿಸಿ ಕೊಟ್ಟಳು. ಕೀಲಿ ಮೇಜಿನ ಮೇಲೆ ಅವನ ಕಡೆಯಿಂದ ಇವಳ ಕಡೆಗೆ ಜಾರಿ ಬಂತು. ಆಗ ಮಾತ್ರ ನಡೀನಳ ಕಣ್ಣು ಕೀಲಿಯ ಹಿಂದೆ ಬಂತು. ಆ ನೋಟದಲ್ಲಿ ಬೇಡಿಕೆಯಿರಲಿಲ್ಲ. ಸೋಮವಾರದ ಮಾತು ಕೇಳಿದಾಗ ತನ್ನ ಮುಖ ಹೇಗಾಗಿದ್ದೀತೋ ಹಾಗಿತ್ತು ಆ ಮುಖ ಎಂದು ಆರ್ಡಿಸಳಿಗೆ ಅನ್ನಿಸಿತು.

ಅವಳು ಕೋಟಿನ ಗುಂಡಿ ಹಾಕಿಕೊಂಡಳು. ಬಾಗಿಲವರೆಗೆ ಹೋದಳು. ಅಗುಳಿಯ ಮೇಲೆ ಕೈಯಿಟ್ಟಳು. ಕೈ ಅಲ್ಲೇ ಉಳಿಯಿತು.

"ಅಲ್ಲ, ತೊಂದರೆ ಆಗೋದಾದ್ರೆ ಬೇಡವೇ ಬೇಡ," ಎಂದು ಬಾಗಿಲಿಗೆ ಹೇಳುವಂತೆ ಶುರುಮಾಡಿದಳು. "ಈ ಕಾರಿನ ಹೀಟರು ನನಗೆ ಸರಿಯಾಗಿ ಗೊತ್ತಾಗಲಿಲ್ಲ. ದೂರ ಹೋಗ್ಬೇಕು ನೋಡಿ. ಗಾಜು ಮಂಜು ಕಟ್ಟಿದ್ರೆ ಏನ್ ಮಾಡ್ಲಿ? ನಿಮ್ಮ ಮನೆಯವರು ಒಂದು ನಿಮಿಷ ಬಂದು ತೋರಿಸಿದ್ರೆ..."

"ನಾನೇ ತೋರಿಸ್ತೀನಿ ಬನ್ನಿ."

"ಛೆ ಛೆ, ನೀವು ಆಗ್ಲೇ ಎಷ್ಟು ತೊಂದರೆ ತಗೊಂಡಿದೀರಿ. ಕಾಫಿ ಆರೋಗುತ್ತೆ, ನೀವು ಕುಡೀರಿ. ಅದೂ ಅಲ್ದೆ ನನಗೆ ಬೇಗ ತಲೆಗೆ ಹೋಗಲ್ಲ, ಹೆಂಗಸರಾದ್ರೆ ನಿಧಾನಕ್ಕೆ ಹೇಳಿಕೊಡ್ತಾರೆ." ತನ್ನ ಬಾಯಿಂದ ಇಷ್ಟು ಮಾತು ಒಟ್ಟಿಗೆ ಬಂದದ್ದು ಕೇಳಿ ಆರ್ಡಿಸಳಿಗೇ ಗಾಬರಿಯಾಯಿತು.

ಕರ್ಟ್ ಇಬ್ಬರನ್ನೂ ನೋಡಿದ. ಬೆಣ್ಣೆಯಂಥ ಈ ಹೆಂಗಸಿನಲ್ಲಿ ಅವನಿಗೆ ಅನುಮಾನ ಪಡುವಂಥದ್ದೇನೂ ಕಾಣಲಿಲ್ಲವೆಂದು ತೋರುತ್ತದೆ. ನಡೀನ್ ಆಗಲೇ ಕೈ ಒರೆಸಿಕೊಂಡಿದ್ದಳು. "ಆ ಗುಂಡಿ ಉಲ್ಟಾ ಕೆಲಸ ಮಾಡುತ್ತೆ," ಎಂದಳು. ಅವಳ ದನಿ ಎಣಿಸಿದ್ದಕ್ಕಿಂತ ಗಡುಸಾಗಿತ್ತು. ಬಾಗಿಲ ಬಳಿಯ ಗೂಟದಿಂದ ಕೋಟು ಎಳೆದುಕೊಂಡು, ಬೂಟಿಗೆ ಕಾಲು ತೂರಿಸಿ, ಹಿಂದೆ ನೋಡದೆ ಮೆಟ್ಟಿಲಿಳಿದಳು. ಹೋಗಿ ಕಾರಿನ ಪಕ್ಕದ ಸೀಟಿನಲ್ಲಿ ಕುಳಿತು ಬಾಗಿಲು ಹಾಕಿಕೊಂಡಳು.

ಆರ್ಡಿಸ್ ಒಳಗೆ ಕೂತು ಕೀಲಿ ತಿರುಗಿಸಿದಳು. ಇಬ್ಬರೂ ಮುಂದಕ್ಕೇ ನೋಡುತ್ತಿದ್ದರು.

"ಹೀಟರ್ ಆನ್ ಇದೆಯಲ್ಲ," ಎಂದಳು ನಡೀನ್.

"ಹೌದು."

"ಎಲ್ಲಿಗೆ ಹೋಗ್ತೀಯ?"

"ಮನೆಗೆ. ಪಟ್ಟಣದ ಆಚೆ."

"ಹೋಗು ಮತ್ತೆ."

ಅಷ್ಟರಲ್ಲಿ ಕರ್ಟ್ ಮೆಟ್ಟಿಲಿಳಿದು ಬಂದಿದ್ದ. ಗಾಜಿನ ಮೇಲೆ ಬೆರಳಿನಿಂದ ತಟ್ಟಿದ. "ತೋರಿಸಿದ್ದು ಸಾಕು. ಇಳಿ."

"ನಾನು ಇವರ ಜೊತೆ ಹೋಗ್ತೀನಿ ಕರ್ಟ್."

"ನನ್ನ ಕಾರಲ್ಲಿ ನೀನು ಎಲ್ಲಿಗೂ ಹೋಗಲ್ಲ."

"ನಿನ್ನ ಕಾರೆಲ್ಲಿ? ಈಗ ತಾನೇ ಮಾರಿದೆಯಲ್ಲ."

ಅವನು ಕಾರಿನ ಮುಂದೆ ಬಂದು ನಿಂತ. ಎರಡೂ ಅಂಗೈಗಳನ್ನು ಬಾನೆಟ್ಟಿನ ಮೇಲೆ ಊರಿದ. ಮುಖದಲ್ಲಿ ಕೋಪವಿರಲಿಲ್ಲ, ತಾಳ್ಮೆಯಿತ್ತು. ಆರ್ಡಿಸ್‌ಗೆ ಅದರಿಂದಲೇ ಹೆಚ್ಚು ಭಯವಾಯಿತು. ಅವಳು ಕಿಟಕಿಯನ್ನು ಒಂದಿಷ್ಟು ಇಳಿಸಿ, "ಕ್ಷಮಿಸಿ, ಸ್ವಲ್ಪ ಪಕ್ಕಕ್ಕೆ ಬರ್ತೀರಾ? ತಪ್ಪು ತಿಳ್ಕೋಬೇಡಿ," ಎಂದಳು. ಅವನು ಕದಲಲಿಲ್ಲ.

"ರಿವರ್ಸ್ ಹಾಕು," ಎಂದಳು ನಡೀನ್.

"ನನಗೆ ರಿವರ್ಸ್ ಸರಿಯಾಗಿ ಬರಲ್ಲ."

"ಇವತ್ತು ಬರುತ್ತೆ. ಹಾಕು."

ಮನೆಯಿಂದ ರಸ್ತೆಯವರೆಗಿನ ದಾರಿ ಉದ್ದವಾಗಿತ್ತು. ಎರಡೂ ಬದಿ ಎದೆಮಟ್ಟ ಹಿಮ ರಾಶಿ ಬಿದ್ದಿತ್ತು. ಕಾರು ಹಿಂದಕ್ಕೆ ಸರಿಯಿತು. ಅವನ ಕೈಗಳು ಗಾಳಿಯಲ್ಲಿ ಉಳಿದವು. ನಡೀನ್ ಸೀಟಿನ ಮೇಲೆ ಪೂರ್ತಿ ತಿರುಗಿ ಕುಳಿತು ಹಿಂದಿನ ಗಾಜಿನಿಂದ ನೋಡುತ್ತ ಕೂಗುತ್ತಿದ್ದಳು: "ಎಡಕ್ಕೆ. ಇನ್ನೂ ಎಡಕ್ಕೆ. ಎಡಕ್ಕೇ! ಅದು ಬಲ ಕಣೇ! ಯಾರು ನಿನಗೆ ಲೈಸೆನ್ಸ್ ಕೊಟ್ಟೋನು?" ಹಿಂದಿನ ಚಕ್ರ ಹಿಮದ ದಿಬ್ಬಕ್ಕೆ ಉಜ್ಜಿ ಗರ್ರೆಂದಿತು, ಮತ್ತೆ ದಾರಿಗೆ ಬಂತು. ಕರ್ಟ್ ಕೆಲವು ಹೆಜ್ಜೆ ಹಿಂದೆ ಬಂದವನು ಥಟ್ಟನೆ ತಿರುಗಿ ಮನೆಯೊಳಕ್ಕೆ ಓಡಿದ್ದನ್ನು ಆರ್ಡಿಸ್ ಕಂಡಳು.

"ಟ್ರಕ್ ತರ್ತಾನೆ! ಅಯ್ಯೋ ದೇವರೇ, ಟ್ರಕ್ ತರ್ತಾನೆ!"

"ತರಲ್ಲ. ನಿಲ್ಲಿಸು ಇಲ್ಲಿ." ರಸ್ತೆಯ ಅಂಚಿನಲ್ಲಿ ಆ ಮನೆಯ ಅಂಚೆಡಬ್ಬವಿತ್ತು. ನಡೀನ್ ಕೋಟಿನ ಜೇಬಿನಿಂದ ಟ್ರಕ್ಕಿನ ಕೀಲಿಯಿದ್ದ ದೊಡ್ಡದೊಂದು ಗೊಂಚಲು ತೆಗೆದಳು. "ಕೋಟಿನ ಗೂಟದಲ್ಲೇ ಇತ್ತು. ಕೋಟು ಬಂತು, ಅದೂ ಬಂತು." ಕಿಟಕಿಯಿಂದ ಕೈ ಚಾಚಿ ಗೊಂಚಲನ್ನು ಡಬ್ಬದೊಳಗೆ ಹಾಕಿ ಮುಚ್ಚಳ ಮುಚ್ಚಿದಳು. "ಕಳ್ಳಿ ಅನ್ನಿಸ್ಕೊಳ್ಳೋದು ಬೇಡ. ಇಲ್ಲಿ ತನಕ ನಡ್ಕೊಂಡು ಬಂದು ಹುಡುಕ್ಲಿ, ಅವನ ಬುದ್ಧಿಗೆ ಸ್ವಲ್ಪ ಹೊತ್ತು ಹಿಡಿಯುತ್ತೆ. ಹೊರಡು."

ಪೆಗ್ಗಿಯ ಅಂಗಡಿ ಬಂದಾಗ ಆರ್ಡಿಸ್ ವೇಗ ತಗ್ಗಿಸಿದಳು. "ಬೇಡ, ಅವನು ಮೊದಲು ಅಲ್ಲೇ ಹುಡುಕೋದು," ಎಂದಳು ನಡೀನ್. ಆರ್ಡಿಸ್ ರಸ್ತೆಗಿಂತ ಕನ್ನಡಿಯನ್ನೇ ಹೆಚ್ಚು ನೋಡುತ್ತಿದ್ದಳು. ಹಿಂದೆ ಒಂದು ಗಾಡಿ ಕಂಡರೂ ಬೆನ್ನು ಬಿಗಿಯುತ್ತಿತ್ತು. ಹಾಲಿನ ಲಾರಿ, ಹಿಮ ಗುಡಿಸುವ ಗಾಡಿ, ಯಾರದೋ ಕೆಂಪು ಟ್ರಕ್ಕು. ಕೆಂಪು ಟ್ರಕ್ಕು ಪಕ್ಕದ ರಸ್ತೆಗೆ ತಿರುಗಿಕೊಳ್ಳುವವರೆಗೂ ಅವಳು ಉಸಿರು ಬಿಡಲಿಲ್ಲ.

"ಅವನದು ಕಪ್ಪು," ಎಂದಳು ನಡೀನ್. ಸ್ವಲ್ಪ ಹೊತ್ತಿನ ಮೇಲೆ, "ಎಷ್ಟಕ್ಕೆ ಕೊಟ್ಟ?" ಎಂದು ಕೇಳಿದಳು.

"ಎರಡು ಸಾವಿರ."

ನಡೀನ್ ನಗತೊಡಗಿದಳು. ಸದ್ದಿಲ್ಲದ ನಗು, ಕಣ್ಣಲ್ಲಿ ನೀರು ಬರುವತನಕ ನಕ್ಕಳು. "ಟೈರಿಗೇ ಅದರ ಕಾಲು ಭಾಗ ಸುರಿದಿದೀನಿ. ಮೂರು ವರ್ಷ ಪೆಗ್ಗಿ ಅಂಗಡೀಲಿ ನಿಂತು ನಿಂತು ಕಾಲು ಊದಿಸ್ಕೊಂಡು ತೀರಿಸಿದ ಕಾರು ಇದು. ಪೆಟ್ರೋಲು ಮಾತ್ರ ಅವನು ಹಾಕಿಸ್ತಿದ್ದ. ಅಂಗಡಿಗೆ ಹೋಗಿ ಬರೋಷ್ಟು. ಅಕ್ಕನ ಮನೆಗೆ ಹೋಗ್ತೀನಿ ಅಂದೆ. ಅಷ್ಟೇ ಅಂದಿದ್ದು. ಮಾರನೇ ದಿನ ಫೋನು ಹೋಯ್ತು, ಈಗ ಇದು."

ಆರ್ಡಿಸ್‌ಗೆ ತಾನು ಕೂತ ಸೀಟು ಮುಳ್ಳಿನಂತಾಯಿತು. ತಾನೂ ಅವನ ಜೊತೆ ಸೇರಿ ಇವಳನ್ನು ದೋಚಿದಂತೆ. ಮೈಲಿಗಲ್ಲೊಂದು ಹಿಂದೆ ಹೋಯಿತು, ಇನ್ನೊಂದು ಹೋಯಿತು.

"ನಿನಗೆ ವಾಪಸ್ ಕೊಡ್ಲಾ?" ಎಂದು ಕೊನೆಗೆ ಕೇಳಿದಳು.

"ಕೊಟ್ರೆ ನೀನು ಹೇಗೆ ಓಡಾಡ್ತೀಯ?"

"ಗೊತ್ತಿಲ್ಲ. ಸೋಮವಾರ ಕೆಲಸ ಹೋಗುತ್ತೆ."

"ಮತ್ತೆ ಯಾಕೆ ಕೇಳ್ದೆ?"

"ಕೇಳ್ಬೇಕಲ್ಲ."

ನಡೀನ್ ಕಿಟಕಿಯಾಚೆ ಮುಖ ತಿರುಗಿಸಿದಳು. ಮುಂದಿನ ತಿರುವಿನಲ್ಲಿ, "ಬ್ರೇಕ್ ಅಷ್ಟು ಜೋರಾಗಿ ಒತ್ತಬೇಡ. ಅದಕ್ಕೆ ಮೆತ್ತಗೆ ಒತ್ತಿದ್ರೆ ಸಾಕು," ಎಂದಳಷ್ಟೆ.

ಆ ರಾತ್ರಿ ನಡೀನ್ ಹಜಾರದ ಸೋಫಾ ಮೇಲೆ ಮಲಗಿದಳು. ಭಾನುವಾರ ಚರ್ಚಿನ ಹೊತ್ತಿಗೆ, ಮಾರಾಟದ ಕಾಗದದಲ್ಲಿದ್ದ ಹೆಸರು ಹಿಡಿದು ಪೊಲೀಸಿನವನೊಬ್ಬ ಬಂದ. ಆರ್ಡಿಸ್ ಅಡುಗೆಮನೆಗೆ ಸರಿದಳು; ನಡೀನಳೇ ಬಾಗಿಲಿಗೆ ಹೋಗಿ, "ನನ್ನನ್ನ ಯಾರೂ ಎತ್ತಾಕ್ಕೊಂಡು ಬಂದಿಲ್ಲ. ನಾನೇ ಬಂದೆ, ಇಲ್ಲೇ ಇದೀನಿ, ಅವನಿಗೆ ಹಾಗೇ ಹೇಳು. ಎಲ್ಲಿ ಅಂತ ಮಾತ್ರ ಹೇಳ್ಬೇಡ," ಎಂದಳು. ಅವನು ಕಾರಿನ ಕಾಗದ ನೋಡಿದ, ತಲೆಯಾಡಿಸಿದ, ಆರ್ಡಿಸ್ ಗಾಬರಿಯಲ್ಲಿ ತಟ್ಟೆಗೆ ಹಾಕಿಕೊಟ್ಟ ಮಾಂಸ-ಆಲೂಗಡ್ಡೆಯ ಹಾಟ್‌ಡಿಶ್ಶನ್ನು ನಿಂತೇ ತಿಂದು ಹೋದ. ವರ್ನಾ ಬೇಲಿಯಾಚೆಯಿಂದ, "ಕಾರು ಹೇಗಿದೆಯೇ?" ಎಂದು ಕೂಗಿದಳು. "ಚೆನ್ನಾಗಿದೆ," ಎಂದಳು ಆರ್ಡಿಸ್. "ಸೋವಿಗೆ ಸಿಕ್ತಾ?" ಎಂದದ್ದಕ್ಕೆ ಕೇಳಿಸದವಳ ಹಾಗೆ ಒಳಗೆ ಬಂದಳು.

ನಡೀನಳ ಅಕ್ಕ ದೂರದ ಬಿಸ್ಮಾರ್ಕ್ ನಗರದಲ್ಲಿದ್ದಳು. ಸೋಮವಾರ ಪಟ್ಟಣದಿಂದ ಮೊದಲ ಬಸ್ಸಿಗೆ ಹೊರಡುವುದೆಂದು ಮಾತಾಗಿತ್ತು. ಬೆಳಕು ಹರಿಯುವ ಮುಂಚೆ ಇಬ್ಬರೂ ಹೊರಗೆ ಬಂದಾಗ ಕಾರಿನ ಗಾಜಿನ ಮೇಲೆ ಮಂಜು ಕಲ್ಲಿನಂತೆ ಕಚ್ಚಿಕೊಂಡಿತ್ತು. ಕೀಲಿ ತಿರುಗಿಸಿದರೆ ಎಂಜಿನ್ ಒಂದು ಸಲ ಕೆಮ್ಮಿ ಸುಮ್ಮನಾಯಿತು. "ಸ್ವಲ್ಪ ತಾಳು. ಈಗ ಹಾಕು," ಎಂದಳು ನಡೀನ್ ಹೊರಗಿನಿಂದ. ಹಾಕಿದಳು. ಹೊತ್ತಿಕೊಂಡಿತು. ಮತ್ತೆ ಆರಿಹೋದೀತೆಂಬ ಭಯಕ್ಕೆ ಆರ್ಡಿಸ್ ಪೆಡಲಿನಿಂದ ಕಾಲು ತೆಗೆಯಲಿಲ್ಲ. ಸೀಟಿನಲ್ಲಿ ಸೆಟೆದು ಕೂತು, ಆ ಬಿಳಿ ಗೋಡೆಯನ್ನೇ ನೋಡುತ್ತಿದ್ದಳು.

ನಡೀನ್ ಹಿಂದಿನ ಬಾಗಿಲು ತೆರೆದು, ನೋಡದೆಯೇ ಸೀಟಿನ ಕೆಳಗೆ ಕೈಹಾಕಿ ಮಂಜು ಕೆರೆಯುವ ಪಟ್ಟಿಯನ್ನು ಹೊರಗೆಳೆದಳು. ಆಮೇಲೆ ಗಾಜಿನ ಮೇಲೆ ಗರಗರ ಸದ್ದು ಶುರುವಾಯಿತು. ಒಳಗೆ ಕೂತವಳಿಗೆ ಮೊದಲು ಏನೂ ಕಾಣಲಿಲ್ಲ. ಬಳಿಕ ಬಿಳಿಯ ನಡುವೆ ಅಂಗೈಯಗಲ ಒಂದು ಕಿಂಡಿ ತೆರೆಯಿತು. ಅದರಾಚೆ ಬೀದಿದೀಪದ ಬೆಳಕಿನಲ್ಲಿ ನಡೀನಳ ಮುಖದ ಒಂದು ಪಾಲು ಕಂಡಿತು. ಅವಳ ಉಸಿರು ತಾಗಿ ಕಿಂಡಿ ಮಬ್ಬಾಯಿತು. ಅವಳು ತೋಳಿನಿಂದ ಒರೆಸಿದಳು, ಮತ್ತೆ ಕೆರೆಯತೊಡಗಿದಳು.